ಕೆಡದಿರಲೆಂದು ಫ್ರಿಜ್‌ನಲ್ಲಿಟ್ಟದ್ದು

ನನ್ನ ಅಕ್ಕ ಸಾಮಾನ್ಯಳಲ್ಲ. ಹಾರ್ಡ್ ಡಿಸ್ಕನ್ನು ಎರಡು ದಿನ ಫ್ರಿಜ್‌ನಲ್ಲಿ, ಹಾಲಿನ ಪಾತ್ರೆಯ ಪಕ್ಕದಲ್ಲಿಟ್ಟು, ಆಮೇಲೆ ಟವೆಲ್ಲಿನಲ್ಲಿ ಸುತ್ತಿ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ತಂದಳು. ಹಿಂದೆಯೇ ಭಾವ.

"ಯಾಕಕ್ಕಾ ಹಿಂಗ್ ಮಾಡ್ದೆ?"

"ನೀನೇ ತಾನೇ ಫೋನಲ್ಲಿ ಹೇಳಿದ್ದು, ಡಿಸ್ಕ್ ಕೆಟ್ಟಿದೆ, ಹಾಗೇ ಬಿಟ್ರೆ ಇನ್ನೂ ಕೆಡುತ್ತೆ ಅಂತ? ಕೆಡೋದನ್ನ ಇನ್ನೆಲ್ಲಿ ಇಡ್ತಾರೆ?"

"ಆನ್ ಮಾಡಿ ಹಾಗೇ ಬಿಟ್ರೆ ಅಂತ ಕಣಕ್ಕಾ!"

ಹಣೆ ಚಚ್ಚಿಕೊಂಡೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ. ಡಿಸ್ಕನ್ನು ಸುತ್ತಿಗೆಯಲ್ಲಿ ತಟ್ಟಿ ನೋಡಿದ ಮಹಾನುಭಾವರನ್ನೂ ಕಂಡಿದ್ದೇನೆ. ತಣ್ಣಗೆ ಮಾಡಿ ತಂದವಳು ನನ್ನ ಒಡಹುಟ್ಟಿದವಳೇ ಆಗಬೇಕೇ! ಇನ್ನೂ ನಾಲ್ಕು ಮಾತು ಬೈಯುವವನಿದ್ದೆ. ಅವಳ ಮುಖ ನೋಡಿ ಟವೆಲ್ಲು ಬಿಚ್ಚತೊಡಗಿದೆ.

ಆ ಡಿಸ್ಕಿನಲ್ಲಿ ಭಾವನ ದನಿಯಿತ್ತು. ನಾಲ್ಕು ತಿಂಗಳ ಹಿಂದೆ ಗಂಟಲಿನ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ಮಾತು ಹೋಯಿತು. ಅದೂ ಎಂಥ ಮಾತು! ಭಾವ ಬಾಯಿ ತೆರೆದರೆ ಪಕ್ಕದ ಮನೆಯವರು ಟೀವಿ ಸದ್ದು ಜೋರು ಮಾಡುತ್ತಿದ್ದರು. ಈಗ ಕೈಯಲ್ಲೊಂದು ಸಣ್ಣ ಸ್ಲೇಟು. ಅವರ ದನಿ ಉಳಿದದ್ದು ಅಕ್ಕ ಯಾವಾಗಲೋ ಮೊಬೈಲಿನಿಂದ ಈ ಡಿಸ್ಕಿಗೆ ಹಾಕಿಟ್ಟ ಒಂದಷ್ಟು ರೆಕಾರ್ಡಿಂಗಿನಲ್ಲಿ ಮಾತ್ರ.

"ಇವರ ದನಿ ಹೆಂಗಿತ್ತು ಅನ್ನೋದೇ ಮರೀತಿದೆ ಕಣೋ. ಭಯ ಆಗುತ್ತೆ," ಎಂದಳು.

ಭಾವ ಸ್ಲೇಟಿನಲ್ಲಿ ಗೀಚಿದರು: "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಬಿಡು ಅತ್ತ."

"ನೀವು ಸುಮ್ನಿರಿ," ಎಂದು ರೇಗಿದ ಅಕ್ಕ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡಳು. ಭಾವ ಹೊಟ್ಟೆ ಕುಲುಕಿಸಿಕೊಂಡು ನಕ್ಕರು.

ಡಿಸ್ಕನ್ನು ಮೂರು ದಿನ ಒಣಗಲು ಬಿಟ್ಟೆ. ಅದೇ ಮಾದರಿಯ ಇನ್ನೊಂದು ಡಿಸ್ಕ್ ಹುಡುಕಿ ತಂದು, ಧೂಳು ಹೊಗದ ಗಾಜಿನ ಪೆಟ್ಟಿಗೆಯೊಳಗೆ ಕೈ ತೂರಿಸಿ, ಅದರ ಓದುವ ಹೆಡ್ಡನ್ನು ಕಳಚಿ ಇದಕ್ಕೆ ಕೂರಿಸಿದೆ. ಕೈ ನಡುಗಿದರೆ ಮುಗಿಯಿತು ಕಥೆ. ಕರೆಂಟು ಕೊಟ್ಟೆ. ಮೊದಲು ಟಕ್ ಟಕ್ ಎನ್ನುತ್ತಿದ್ದ ಡಿಸ್ಕು ಗುಂಯ್ ಎಂದು ತಿರುಗಿ, ಅರ್ಧ ಗಂಟೆ ಓದಿಸಿಕೊಂಡು, ಪ್ರಾಣ ಬಿಟ್ಟಿತು. ಕೈಗೆ ಬಂದದ್ದು ಒಂಬತ್ತು ರೆಕಾರ್ಡಿಂಗು. ಹೆಸರು ಅಳಿಸಿಹೋಗಿ ಬರೀ ನಂಬರು ಉಳಿದಿತ್ತು.

ಇಬ್ಬರನ್ನೂ ಕರೆಸಿ ಒಂದೊಂದಾಗಿ ಹಾಕಿದೆ. ಎಂಟು ಖರಕ್ ಎಂದು ನಿಂತುಹೋದವು. ಅಕ್ಕ ಸೆರಗು ಹಿಂಡುತ್ತಿದ್ದಳು. ಒಂಬತ್ತನೆಯದು ಓಡಿತು: ಗೊರ್‌ರ್... ಗೊರ್‌ರ್...

"ಹೋಯ್ತು, ಇದೂ ಅಷ್ಟೇ," ಎಂದು ನಿಲ್ಲಿಸಲು ಹೋದೆ.

"ಏಯ್, ಕೈ ತೆಗಿ! ಗೊರಕೆ ಅದು! ನಾನು ಗೊರಕೆನೇ ಹೊಡೆಯಲ್ಲ ಅಂತ ಇವರು ವಾದ ಮಾಡ್ತಿದ್ರು. ಸಾಕ್ಷಿ ಇರಲಿ ಅಂತ ರೆಕಾರ್ಡ್ ಮಾಡಿದ್ದೆ."

ಮೂರು ನಿಮಿಷ ಮೂವರೂ ಕೂತು ಗೊರಕೆ ಕೇಳಿದೆವು. ಆಮೇಲೆ ಮಂಚ ಕಿರ್ರೆಂದಿತು. ನಿದ್ದೆಗಣ್ಣಿನ ಭಾವನ ದನಿ, ಅದೇ ದನಿ, ಅಂಗಡಿ ತುಂಬ ಕೇಳಿಸಿತು.

"ಏನೇ, ಇನ್ನೂ ಮಲಗಿಲ್ವಾ? ಬಾ, ಹೊದ್ಕೋ. ಚಳಿ ಆಗುತ್ತೆ."

ಅಷ್ಟೇ. ಅಕ್ಕ ಅಳುತ್ತಲೇ ನಗುತ್ತಿದ್ದಳು. ಭಾವ ತಲೆ ತಗ್ಗಿಸಿ ತುಂಬ ಹೊತ್ತು ಏನೋ ಬರೆದು, ಅಳಿಸಿ, ಮತ್ತೆ ಬರೆದು ಸ್ಲೇಟನ್ನು ಅವಳತ್ತ ತಿರುಗಿಸಿದರು: "ಗೊರಕೆ ನಂದಲ್ಲ."

"ಹೂಂ ರೀ, ನಿಮ್ದಲ್ಲ," ಅಕ್ಕ ಕಣ್ಣೊರೆಸಿಕೊಂಡಳು. "ತಮ್ಮಾ, ಇನ್ನೊಂದ್ಸಲ ಹಾಕೋ. ಗೊರಕೆಯಿಂದಾನೇ ಹಾಕು."