ಡೊಂಬಿವಲಿಯ ತೊಗರಿ ಬೇರಿನಲ್ಲಿ ಒಬ್ಬ ಅಡಿಗೆಯವನು

೧
ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ನಾಯಕ ಕಣ್ಣಿಗೇ ಕಾಣುವುದಿಲ್ಲ. ಅವನೊಂದು ಬ್ಯಾಕ್ಟೀರಿಯಾ, ಮುಂಬೈ ಬಳಿಯ ಡೊಂಬಿವಲಿಯ ಒಂದು ವಸತಿ ಸೊಸೈಟಿಯ ಕಾಂಪೌಂಡಿನಲ್ಲಿ, ತೊಗರಿ ಗಿಡದ ಬೇರಿನ ಗಂಟಿನೊಳಗೆ ಇದ್ದಾನೆ. 'ಬೇರಿನಲ್ಲೊಬ್ಬ ಬಾಡಿಗೆದಾರನಿದ್ದ' ಎಂದು ಬರೆದೆ.

"ಬಾಡಿಗೆದಾರ ಯಾರು? ನಾನು ಅಡಿಗೆಯವನು," ಎಂದ ನಾಯಕ. (ಅವನಿಗೆ ಬಾಯಿಲ್ಲ. ಕಥೆ ನನ್ನದು, ಸಹಿಸಿಕೊಳ್ಳಿ.)

೧, ಮತ್ತೆ
ಸರಿ, ಅಡಿಗೆಯವನು. ಗಿಡ ಅವನನ್ನು ಪೊರೆ ಹೊದಿಸಿ ಕೂರಿಸಿದೆ, ಊಟ ಕೊಡುತ್ತದೆ. ಅವನು ಗಾಳಿಯ ಸಾರಜನಕವನ್ನು ಗಿಡಕ್ಕೆ ದಕ್ಕುವ ಹಾಗೆ ಬೇಯಿಸಿ ಬಡಿಸುತ್ತಾನೆ. ಆಮ್ಲಜನಕ ಜಾಸ್ತಿ ನುಗ್ಗಿದರೆ ಒಲೆಯೇ ಕೆಡುತ್ತದೆ. ಅದಕ್ಕೇ ಗಿಡ ನಮ್ಮ ರಕ್ತದಲ್ಲಿರುವಂಥದೇ ಕೆಂಪು ಪದಾರ್ಥವನ್ನು ಗಂಟಿನೊಳಗೆ ತುಂಬಿ, ಆಮ್ಲಜನಕವನ್ನು ಅಳೆದು ಅಳೆದು ಬಿಡುತ್ತದೆ. ಎಂಥ ಫಸ್ಟ್‌ಕ್ಲಾಸ್ ಅರೇಂಜ್‌ಮೆಂಟ್!

(೨ ಪೂರ್ತಿ ವಿಜ್ಞಾನವಾಗಿತ್ತು. ಹರಿದೆ.)

೩
ಸೊಸೈಟಿಯ ಗಾರ್ಡನ್ ಕಮಿಟಿಯ ಪ್ರಫುಲ್ಲಾ, ಉಡುಪಿ ಕಡೆಯವರು, ಒಂದು ಗಿಡ ಕಿತ್ತು ನೋಡಿ ಬೆಚ್ಚಿದರು. ಬ್ಲೀಚಿಂಗ್ ಪೌಡರ್ ಕಲಸಿದ ಬಕೆಟ್ ತಂದರು. ಉಳಿದ ಹದಿನೇಳು ಗಿಡಗಳಿಗೆ ಮರಗಮ್ಮ ಅಡ್ಡ ನಿಂತಳು. ಕಲಬುರಗಿಯಿಂದ ಬಂದು ಇಲ್ಲಿ ಕಸ ಗುಡಿಸುವವಳು. ತೊಗರಿ ಬಿತ್ತಿದವಳೂ ಅವಳೇ. ಹೊಸ ಜಾಗದಲ್ಲಿ ಬಿತ್ತುವಾಗ ಹಳೇ ಹೊಲದ ಮಣ್ಣು ಬೆರೆಸುವುದು ಅವರ ಮನೆಯ ಪದ್ಧತಿ. ಆ ಮಣ್ಣನ್ನು ಊರಿನಿಂದ ಸೆರಗಿನಲ್ಲಿ ಕಟ್ಟಿ ತಂದಿದ್ದಳು.

"ಎಂತ ಇದು, ಬೇರಲ್ಲೆಲ್ಲ ಗಂಟು! ನಿನ್ನ ಊರಿನ ಮಣ್ಣಿಂದಲೇ ರೋಗ ಬಂದದ್ದು ಮಾರಾಯ್ತಿ."

"ಮಣ್ಣಿಗಿ ಹೆಸರಿಡಬ್ಯಾಡ್ರಿ ಅಕ್ಕೋರೆ." ಮರಗಮ್ಮ ಬಕೆಟ್ಟಿಗೆ ಕೈ ಅಡ್ಡ ಹಿಡಿದಳು.

(ಇಲ್ಲಿ ನನಗೂ ಸಂಕಟವಾಯಿತು. ಆದರೂ ಅಂತ್ಯ ಬೇಕಲ್ಲ.)

ಅಂತ್ಯ ಅ: ಪ್ರಫುಲ್ಲಾ ಬಕೆಟ್ ಸುರಿದರು. (ಅಡಿಗೆಯವನು ಕಿರುಚಿಕೊಂಡ. ಅಳಿಸಿದೆ.)

ಅಂತ್ಯ ಆ: ಪ್ರಫುಲ್ಲಾ ಕ್ಷಮೆ ಕೇಳಿದರು. ("ನಾನಾ? ಹೋಗಿ ಮಾರಾಯ್ರೆ!" ಎಂದು ಅವರೇ ಹೊಡೆದುಹಾಕಿದರು.)

ಅಂತ್ಯ ಇ: ಮರಗಮ್ಮ ಕಿತ್ತ ಗಿಡದ ಗಂಟೊಂದನ್ನು ಉಗುರಿನಿಂದ ಸೀಳಿ ತೋರಿಸಿದಳು. ಒಳಗೆ ಕೆಂಪಗಿತ್ತು. "ರೋಗ ಇದ್ರ ಕೊಳೀತಿತ್ರಿ. ಇದು ಜೀವಂತ ಅದ."

ಪ್ರಫುಲ್ಲಾ ಕನ್ನಡಕ ಸರಿಮಾಡಿಕೊಂಡು ನೋಡಿದರು. ಬಕೆಟ್ಟನ್ನು ಮೋರಿಗೆ ಚೆಲ್ಲಿ ಬಂದರು. ಆಮೇಲೆ ದನಿ ತಗ್ಗಿಸಿ ಕೇಳಿದರು: "ನನ್ನ ಅಲಸಂಡೆ ಬಳ್ಳಿ ಹಳದಿ ಆಗಿದೆ. ಊರಿಗೆ ಹೋದಾಗ ಆ ಮಣ್ಣು ನನಗೂ ಸ್ವಲ್ಪ ತರ್ತೀಯಾ?"

"ಊರಿಂದ್ಯಾಕ್ರಿ? ಈ ಗಿಡದ ಬುಡದಾಗಿಂದೇ ತಗೋರಿ. ಈಗ ಇಲ್ಲೀದೂ ಅದೇ ಮಣ್ಣು."

ನನಗೆ ಎಷ್ಟು ಖುಷಿಯಾಯಿತೆಂದರೆ, 'ಮುಗಿಯಿತು' ಎಂದು ಬರೆಯಹೋದೆ. ಆಗಲೇ ಮಣ್ಣು ಕೆದಕುತ್ತಿದ್ದ ಪ್ರಫುಲ್ಲಾ ತಲೆಯೆತ್ತದೆ ಗದರಿದರು:

"ಮೊದಲು ನನ್ನ ಅಲಸಂಡೆ ಕಾಯಿ ಬಿಡ್ಲಿ ಮಾರಾಯ್ರೆ, ನಿಮಗೆಂತ ಅವಸರ?"