ಕೂಲರಿನೊಳಗೆ ಇನ್ನೂ ಒಂದು

"ಶಿವನೇ, ಇದು ಎಲ್ಲಿಂದ ನಾರಾಕತ್ತೈತಿ?"

ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಬಸವಣ್ಣೆಮ್ಮ ಗೋಡೆಗೆ ಕೇಳಿದಳೋ, ಶಿವನಿಗೆ ಕೇಳಿದಳೋ, ಕೇಳಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

(ಕತೆಯನ್ನು ನಾತದಿಂದ ಶುರುಮಾಡಬಹುದೆ? ಬರೆಯುವವನಿಗೇ ಅನುಮಾನ. ಎರಡು ಡ್ರಾಫ್ಟ್ ಈಗಾಗಲೇ ಹರಿದು ಹಾಕಿದ್ದಾನೆ. ಒಂದು ಸಿಂಧನೂರಿನ ಬಿಸಿಲಿನಿಂದ ಶುರುವಾಗಿತ್ತು. ಆ ಬಿಸಿಲಿಗೆ ಪೀಠಿಕೆ ಯಾಕೆ? ಇನ್ನೊಂದರಲ್ಲಿ ಅವಳ ಗಂಡ ಅಮರಗುಂಡಪ್ಪನಿಗೆ ಕೂಲರ್ ಶಾಕ್ ಹೊಡೆದು, ಆತ ಹಾರಿ ಮೂಲೆಗೆ ಬೀಳುತ್ತಿದ್ದ. ಬಸವಣ್ಣೆಮ್ಮ ಒಪ್ಪಲಿಲ್ಲ. "ಮಂದಿನ್ನ ನಗಸಾಕ ನನ್ನ ಗಂಡನ್ನ ಒಗೀತಿಯೇನು? ನಿನ್ನ ಗಂಡನ್ನ ಒಗಿ," ಅಂದಳು. ಬರೆಯುವವನಿಗೆ ಗಂಡನಿಲ್ಲ. ಡ್ರಾಫ್ಟ್ ಕ್ಯಾನ್ಸಲ್.)

೨

ಸರಿ, ನಾತದಿಂದಲೇ.

ಮೊಟ್ಟೆ ಕೂಡ ಹೊಸ್ತಿಲು ದಾಟಿ ಬರದ ಮನೆ ಅದು. ಲಿಂಗಪೂಜೆಯಾಗದೆ ಬಸವಣ್ಣೆಮ್ಮ ಗುಟುಕು ನೀರು ಕುಡಿದವಳಲ್ಲ. ಅಂಥ ಮನೆಯಲ್ಲಿ ಮೂರು ದಿನದಿಂದ ಹೇಳಬಾರದ ನಾತ. ಸೊಸೆ ರಾಜಶ್ರೀ ಬಚ್ಚಲಿಗೆ ಎರಡು ಬಾಟಲಿ ಫಿನಾಯಿಲ್ ಸುರಿದಳು. ಇಲಿ ಸತ್ತಿರಬೇಕೆಂದು ಅಮರಗುಂಡಪ್ಪ ಕಪಾಟು ಸರಿಸಿ ಸೊಂಟ ಹಿಡಿಸಿಕೊಂಡ. ಇಲಿ ಸಿಗಲಿಲ್ಲ. ಲಿಂಗಸುಗೂರಿನಿಂದ ತಂದ ಹಳೇ ಕೂಲರ್ ಮಾತ್ರ, ಹಚ್ಚಿದಾಗೆಲ್ಲ ಗೊರಗೊರ ಅನ್ನುತ್ತ ಆ ನಾತವನ್ನು ಮನೆತುಂಬ ಹಂಚುತ್ತಿತ್ತು.

"ಏನ್ರಿ, ಹನ್ನೊಂದು ಗಂಟೇಕ ಮಸ್ಕಿಯಿಂದ ಮಠದ ಅಜ್ಜಾರು ಬರ್ತಾರ. ಪಾದಪೂಜಿಗೆ ಹನ್ನೊಂದು ವರ್ಷ ಕೈ ಮುಗದು ಕರದೀನಿ. ಕುಂತ ಕೂಡ್ಲೇ ಮೂಗು ಮುಚ್ಚಿಗೊಂಡು ಎದ್ದು ಹೋದ್ರ ಏನ್ ಮಾಡ್ಲಿ? ಹೇಳ್ರಿ."

ಅಮರಗುಂಡಪ್ಪ ಸೊಂಟಕ್ಕೆ ಮುಲಾಮು ಹುಡುಕುತ್ತಿದ್ದ.

೩

ಹೂವು ಕೊಡಲು ಬಂದ ಪಕ್ಕದ ಮನೆಯ ಬಿಬಿಜಾನ್ ಕೂಲರಿನ ಮುಂದೆ ನಿಂತು ಒಮ್ಮೆ ಉಸಿರೆಳೆದಳು.

"ಯಕ್ಕಾ, ಹೇಳಿದ್ರ ಸಿಟ್ಟಿಗೇಳಬ್ಯಾಡ. ಇದು ಮೀನು."

"ಬಾಯಿ ತೊಳಕೋ ಬೇ!"

"ನಾ ಬಾಯಿ ತೊಳಕೋತೀನಿ. ನೀ ಕೂಲರ್ ತೊಳಕೋ."

ಕೂಲರಿನ ಪಕ್ಕದ ಬಾಗಿಲು ಬಿಚ್ಚಿದರು. ಹುಲ್ಲಿನ ಪ್ಯಾಡಿನಲ್ಲಿ ಕಿರುಬೆರಳಿನಷ್ಟು ಮೀನೊಂದು ಜಜ್ಜಿಹೋಗಿ, ಒಣಗಿ ಅಂಟಿತ್ತು. "ಪಂಪು ಎಳದು, ಅರದು, ಮ್ಯಾಲ ಒಗದೈತಿ ನೋಡು," ಅಂದಳು ಬಿಬಿಜಾನ್. ಕೆಳಗೆ, ತೊಟ್ಟಿಯ ನೀರಿನಲ್ಲಿ, ಅದರ ಅಣ್ಣತಮ್ಮಂದಿರು ಆರಾಮಾಗಿ ತಿರುಗುತ್ತಿದ್ದರು.

ಮೂವರು ಹೆಂಗಸರೂ ಅಮರಗುಂಡಪ್ಪನ ಕಡೆ ತಿರುಗಿದರು.

"ಬೋರಿನ ನೀರು ಹಾಕಿದ್ರ ಪ್ಯಾಡಿಗೆ ಉಪ್ಪು ಕಟ್ಟತೈತಿ. ಅದಕ್ಕ ಸಾಲಗುಂದದ ಹೊಲದಿಂದ ಬರ್ತಾ ಕಾಲುವ್ಯಾಗ ಎರಡು ಕ್ಯಾನ್ ತುಂಬಿಕೊಂಡು ಬಂದೆ. ಕಾಲುವಿ ಬಂದ್ ಆಗೈತಿ, ತೆಗ್ಗಿನ್ಯಾಗ ಇಷ್ಟ ಉಳದಿತ್ತು. ಸಿಹಿ ನೀರು ತಂದದ್ದೂ ತಪ್ಪಾ?"

"ನೀರು ತಂದದ್ದು ತಪ್ಪಲ್ಲ. ಸಂಸಾರ ಸಮೇತ ತಂದೀರಿ," ಅಂದಳು ಬಸವಣ್ಣೆಮ್ಮ.

(ಇಲ್ಲಿ ಅಮರಗುಂಡಪ್ಪ ಬರೆಯುವವನನ್ನು ಅಂಗಳಕ್ಕೆ ಕರೆದ. "ತಮ್ಮಾ, ಮೀನು ಅಂತ ಬರೀಬ್ಯಾಡ. ಹಲ್ಲಿ ಅಂತ ಬರಿ. ಹಲ್ಲಿ ಎಲ್ಲಾರ ಮನ್ಯಾಗೂ ಸಾಯ್ತಾವು." ಬರೆಯುವವನಿಗೆ ಪಾಪ ಅನ್ನಿಸಿತು. ಆದರೆ ಹಲ್ಲಿ ಈಜುವುದಿಲ್ಲ ಯಜಮಾನರೇ.)

೪

ಚಾ ಸೋಸುವ ಜಾಳಿಗೆಯಿಂದ ರಾಜಶ್ರೀ ಐದು ಹಿಡಿದು ಬಕೆಟ್ಟಿಗೆ ಬಿಟ್ಟಳು. ಸತ್ತದ್ದನ್ನು ಬೇವಿನ ಬುಡಕ್ಕೆ ಮುಚ್ಚಿದರು. ಬಿಬಿಜಾನ್ ತನ್ನ ಮನೆಯಿಂದ ಲೋಬಾನ ತಂದು ಹೊಗೆ ಹಾಕಿದಳು, ನಾತ ಸೋತಿತು. ಆದರೆ ಆರನೆಯದು ಜಾಳಿಗೆಗೆ ಸಿಗದೆ ಪಂಪಿನ ಅಡಿಗೆ ನುಸುಳಿ ಕುಳಿತಿತು.

(ಪಂಪು ಬಿಟ್ಟು ಬರೀ ಫ್ಯಾನ್ ಹಚ್ಚಬಹುದಲ್ಲ ಎಂದು ಓದುವವರು ಕೇಳುತ್ತೀರಿ. ಗೊತ್ತಿತ್ತು. ಪುರಾಣ ಓದುವವರು ಪದ್ಯ ನಿಲ್ಲಿಸಿ ತಾತ್ಪರ್ಯ ಹೇಳುವ ಹಾಗೆ ಇದನ್ನೂ ಹೇಳಬೇಕಾಯಿತು: ಹೋದ ವರ್ಷ ಪಂಪಿನ ಸ್ವಿಚ್ ಸುಟ್ಟಾಗ ಅಮರಗುಂಡಪ್ಪ ಎರಡೂ ವೈರ್ ಕೂಡಿಸಿ ಟೇಪ್ ಸುತ್ತಿದ್ದಾನೆ. ಒಂದು ಹಚ್ಚಿದರೆ ಎರಡೂ ತಿರುಗುತ್ತವೆ. ಮನೆಯ ಎಲ್ಲ ರಿಪೇರಿಯೂ ಆತನದೇ. ಏನು ಮಾಡುವುದು.)

ಹೊರಗೆ ಕಾರಿನ ಹಾರ್ನ್ ಆಯಿತು.

೫

ಪಾದಪೂಜೆ ಸುಸೂತ್ರ ನಡೆಯಿತು. ಅಜ್ಜಾರು ಲೋಬಾನವನ್ನು ಮೆಚ್ಚಿದರು. ಪ್ರಸಾದಕ್ಕೆ ಎಲೆ ಹಾಕಿದ್ದರು. ತಲೆ ಮೇಲಿನ ಫ್ಯಾನು ಬೆಂಕಿಯನ್ನೇ ಬೀಸುತ್ತಿತ್ತು. ಹಣೆಯ ವಿಭೂತಿ ಬೆವರಲ್ಲಿ ಕರಗಿ ಹುಬ್ಬಿಗಿಳಿಯಿತು. ಶಲ್ಯದಿಂದ ಒರೆಸಿಕೊಳ್ಳುತ್ತ ಅವರು ನಕ್ಕರು.

"ತಾಯೀ, ಆ ಕೂಲರ್ ಒಂದೀಟು ಹಚ್ರಿ. ಈ ಧಗಿಯಾಗ ತುತ್ತು ಇಳಿಯಂಗಿಲ್ಲ."

ಅಮರಗುಂಡಪ್ಪನ ಕೈ ಸ್ವಿಚ್ಚಿನವರೆಗೆ ಹೋಗಿ, ಹೆಂಡತಿಯ ಮುಖ ನೋಡಿ ನಿಂತಿತು. ರಾಜಶ್ರೀ ಅತ್ತೆಯ ಕಿವಿಗೆ ಬಾಗಿದಳು. "ಅತ್ತೀ, ಒಂದ ಮೀನು. ಹಚ್ಚಿಬಿಡ್ರಿ. ಅಜ್ಜಾರು ಎಲಿ ಬಿಟ್ಟು ಎದ್ರ ಹನ್ನೊಂದು ವರ್ಷ ಕರದದ್ದು ನೀರಾಗ ಹೋಗತೈತಿ."

ಹಚ್ಚಿದರೆ ಗುರುವಿನ ಎಲೆಯ ಮುಂದೆ ಒಂದು ಜೀವ ಅರೆದುಹೋಗುತ್ತದೆ. ಯಾಕೆ ಹಚ್ಚುವುದಿಲ್ಲ ಎಂದು ಹೇಳಿದರೆ ಈ ಮನೆಯಲ್ಲಿ ಮೀನಿದೆ ಎನ್ನಬೇಕಾಗುತ್ತದೆ.

(ಅಂತ್ಯ ಒಂದು: ಕರೆಂಟು ಹೋಗುತ್ತದೆ. ನಮ್ಮ ಕಡೆ ಇದನ್ನು ಯಾರೂ ಸುಳ್ಳೆನ್ನುವುದಿಲ್ಲ.

"ಬ್ಯಾಡ," ಅಂದಳು ಬಸವಣ್ಣೆಮ್ಮ ತುಟಿ ಅಲುಗಿಸದೆ. "ಕರೆಂಟ್ ತೆಗದು ನನ್ನ ಪಾರು ಮಾಡಬ್ಯಾಡ."

ಅಂತ್ಯ ಎರಡು: ಅಜ್ಜಾರಿಗೆ ತಾನಾಗಿ ಎಲ್ಲ ತಿಳಿದು, ಎದ್ದು, ತಮ್ಮ ಬೊಗಸೆಯಲ್ಲೇ ಆ ಮೀನನ್ನೆತ್ತಿ...

"ಅವರು ಏನಂತಾರೋ ಅದನ್ನ ಅವರೇ ಅನ್ಲಿ. ನೀ ಅವರ ಬಾಯಾಗ ಮಾತಿಡಬ್ಯಾಡ."

ಅಂತ್ಯ ಮೂರು ಬರೆಯುವವನ ಹತ್ತಿರ ಇಲ್ಲ. ಓದುವವರ ಹತ್ತಿರ ಇದ್ದರೆ ಬೇಗ ಕೊಡಿ, ಅಜ್ಜಾರು ಕಾಯುತ್ತಿದ್ದಾರೆ.)

"ಯಾಕ ತಾಯೀ, ಕೂಲರ್ ಕೆಟ್ಟೈತೇನು?"

ಅಮರಗುಂಡಪ್ಪ ಹೌದೆಂದು ತಲೆಯಾಡಿಸಲು ಹೊರಟ. ಬಸವಣ್ಣೆಮ್ಮ ಎದ್ದು ಆತನಿಗೂ ಸ್ವಿಚ್ಚಿಗೂ ನಡುವೆ ನಿಂತಳು. ಸೆರಗನ್ನು ತಲೆತುಂಬ ಹೊದ್ದು ಕೈ ಮುಗಿದಳು.

"ಕೆಟ್ಟಿಲ್ರೀ ಅಜ್ಜಾರ. ಆದ್ರ ನಾ ಹಚ್ಚಂಗಿಲ್ಲ."