ಗುರುವಾರದ ಊಟ

ಬಾಯಿಗೆ ಅಕ್ಕಿಕಾಳು ಹಾಕುವ ಸರದಿ ತನ್ನದಾದಾಗ ವಿಜಿ ಮುಷ್ಟಿ ಬಿಚ್ಚಲಿಲ್ಲ. ಪುರೋಹಿತರು "ಹಾಕಿ ಅಮ್ಮಾ" ಎಂದರು. ಪೆಟ್ಟಿಗೆಯಲ್ಲಿ ಪಂಚೆ ಶಲ್ಯ ಉಟ್ಟು ಮಲಗಿದ್ದ ಗಂಡ ಸೀತಾಪತಿಯ ಮುಖವನ್ನು ಒಮ್ಮೆ ನೋಡಿ, ಅವಳು ಹಿಂದಕ್ಕೆ ತಿರುಗಿದಳು. ಪಿಸ್ಕಾಟವೇ ಊರಿನ ಆ ಫ್ಯೂನರಲ್ ಹೋಮಿನ ಕಾರ್ಪೆಟ್ಟಿನ ಮೇಲೆ ಚಪ್ಪಲಿ ಬಿಟ್ಟು ನಿಂತಿದ್ದ ಜನರ ನಡುವೆ ಅವಳ ಕಣ್ಣು ಒಬ್ಬನನ್ನೇ ಹುಡುಕಿತು.

"ಮಂಜುನಾಥ್, ಇಲ್ಲಿ ಬನ್ನಿ."

ಮಂಜುನಾಥ ಸೀತಾಪತಿಯ ಜೀವದ ಗೆಳೆಯ. ಇಬ್ಬರದೂ ಒಂದೇ ಟೆಲಿಫೋನ್ ಕಂಪನಿ, ಒಂದೇ ಬೀದಿ, ರಿಟೈರ್ ಆದದ್ದೂ ಒಂದೇ ವರ್ಷ. ಬೆಳಗಿನಿಂದ ಎಲ್ಲರಿಗಿಂತ ಹಿಂದೆ ನಿಂತಿದ್ದವನು ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಮುಂದೆ ಬಂದ.

"ಗುರುವಾರ ಸಾಯಂಕಾಲ ಇವರು ಏನಾದ್ರೂ ತಿಂದ್ರಾ?"

"ಅತ್ತಿಗೆ, ಈಗ ಆ ಮಾತು..."

"ತಿಂದ್ರೋ ಇಲ್ವೋ?"

"ಇಲ್ಲ ಅತ್ತಿಗೆ. ಮಾಲ್‌ನಲ್ಲಿ ವಾಕ್ ಮಾಡಿದ್ವಿ, ಅಷ್ಟೇ. ದೇವರಾಣೆ."

ಕೇಳದೆ ಆಣೆ ಇಡುವವರನ್ನು ವಿಜಿ ಎಂದೂ ನಂಬಿದವಳಲ್ಲ. ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಅವನು ಕಾರ್ಪೆಟ್ ನೋಡಿದ. ಮಗಳು ರಿಯಾ ತಾಯಿಯ ಮೊಣಕೈ ಹಿಡಿದು, "ಅಮ್ಮಾ, ನಾಟ್ ನೌ. ಎವ್ರಿಬಡೀಸ್ ವೆಯ್ಟಿಂಗ್" ಎಂದಳು. ವಿಜಿ ಗಂಡನ ಮುಚ್ಚಿದ ತುಟಿಯ ಮೇಲೆ ಅಕ್ಕಿ ಬಿಟ್ಟಳು. ಕಾಳುಗಳು ಕೆನ್ನೆಗೆ ಜಾರಿ ದಿಂಬಿನ ಮೇಲೆ ಬಿದ್ದವು.

ಹಿಂದಿನ ಸಾಲಿನಲ್ಲಿ ಕನ್ನಡ ಕೂಟದ ಇಬ್ಬರು ಹೆಂಗಸರು ಪಿಸುಗುಟ್ಟಿಕೊಂಡರು.

"ಉಪ್ಪು ಹುಳಿ ಖಾರ ಒಂದೂ ಮುಟ್ಟಿಸ್ತಿರ್ಲಿಲ್ಲವಂತೆ ಆ ಮನುಷ್ಯನಿಗೆ."

"ಸತ್ತ ಮೇಲೂ ಪಥ್ಯ ವಿಚಾರಿಸ್ತಿದಾಳಲ್ಲೇ!"

ವಿಜಿಗೆ ಅದು ಕೇಳಿಸಿತು. ಅವರು ಅಂದುಕೊಂಡದ್ದು ತಪ್ಪು, ಆದರೆ ತಿದ್ದುವ ಚೈತನ್ಯ ಅವಳಲ್ಲಿ ಇರಲಿಲ್ಲ.

*

ವಿಜಿ, ಸೀತಾಪತಿ ಈ ದೇಶಕ್ಕೆ ಬಂದ ಹೊಸದರಲ್ಲಿ ಹತ್ತಿರದ ಐಸೆಲಿನ್ ಊರಿನಲ್ಲಿ ಈಗಿನ ಹಾಗೆ ದೋಸೆ ಹೋಟೆಲುಗಳ ಸಾಲು ಇರಲಿಲ್ಲ. ಮಾಂಸ ಮುಟ್ಟದ ಗಂಡಹೆಂಡಿರು ನಂಬಿ ಹೋಗಿ ಕೂರಬಹುದಾಗಿದ್ದದ್ದು ಡಿಫಾಲ್ಕೋಸ್ ಎಂಬ ಇಟಾಲಿಯನ್ ಹೋಟೆಲಿನಲ್ಲಿ ಮಾತ್ರ. ಕೆಂಪು ಬಿಳಿ ಚೌಕಳಿಯ ಮೇಜುಬಟ್ಟೆ, ಗೋಡೆಯ ತುಂಬ ಮಾಲೀಕರ ಅಜ್ಜ ಅಜ್ಜಿಯರ ಫೋಟೋ, ಕೇಳುವ ಮೊದಲೇ ಬಂದು ಕೂರುವ ಬ್ರೆಡ್ಡಿನ ಬುಟ್ಟಿ. ಹೈಸ್ಕೂಲು ಮುಗಿಸಿ ಆಗ ತಾನೇ ಕೆಲಸಕ್ಕೆ ಸೇರಿದ್ದ ಡೋನಾ ಎಂಬ ಹುಡುಗಿ ಇವರಿಗೆ ಎಗ್‌ಪ್ಲಾಂಟ್ ಪಾರ್ಮ್ ತಂದುಕೊಟ್ಟಳು. ಹುರಿದ ಬದನೆಕಾಯಿ ಹೋಳುಗಳ ಮೇಲೆ ಟೊಮೇಟೊ ಸಾಸು, ಅದರ ಮೇಲೆ ಕರಗಿದ ಚೀಸು. ಮೊದಲ ತುತ್ತಿಗೇ ಸೀತಾಪತಿ ಮರುಳಾದ.

"ಇದು ನಮ್ಮ ಎಣ್ಣೆಗಾಯಿಗೆ ದಾಯಾದಿ ಕಣೇ," ಎಂದು ಶರ್ಟಿನ ಜೇಬಿನಿಂದ ಹಸಿಮೆಣಸಿನಕಾಯಿ ತೆಗೆದು ಕಚ್ಚಿಕೊಂಡ. ಅವಳು ನಾಚಿಕೆಯಿಂದ ಸುತ್ತಮುತ್ತ ನೋಡಿ, ಆಮೇಲೆ ತನಗೂ ಒಂದು ಕೇಳಿದಳು.

ರಿಯಾಳ ಹುಟ್ಟುಹಬ್ಬಗಳು, ಅವಳ ಗ್ರಾಜುಯೇಷನ್, ಸಿಟಿಜನ್‌ಶಿಪ್ ಸಿಕ್ಕ ದಿನ, ಎಲ್ಲ ಅಲ್ಲೇ. ಆಮೇಲೆ ಸೀತಾಪತಿಯ ಕಿಡ್ನಿ ಕೈಕೊಟ್ಟಿತು. ಉಪ್ಪು, ಟೊಮೇಟೊ, ಚೀಸು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದನ್ನು ವಿಜಿ ಬಿಟ್ಟೇಬಿಡಿ ಎಂದು ಕೇಳಿಸಿಕೊಂಡಳು. ಮನೆಯ ಸಾರಿನಿಂದ ಟೊಮೇಟೊ ಮಾಯವಾಯಿತು. ಇಟಾಲಿಯನ್ ಹೋಟೆಲಿನ ಹೆಸರೆತ್ತುವ ಹಾಗಿರಲಿಲ್ಲ. ಅವನು ಇನ್ನಷ್ಟು ವರ್ಷ ಬದುಕಲಿ ಎನ್ನುವ ಆಸೆಗೆ ಅವಳು ತಾನೂ ಸಪ್ಪೆಯನ್ನೇ ಉಂಡಳು. ಅದು ಅವನಿಗೂ ಗೊತ್ತಿತ್ತು, ಆದ್ದರಿಂದಲೇ ಎದುರು ಮಾತಾಡಲಿಲ್ಲ.

ಆದರೆ ಗುರುವಾರ ಬಂತೆಂದರೆ ಅವನಿಗೆ ವಾಕಿಂಗಿನ ಮೇಲೆ ಎಲ್ಲಿಲ್ಲದ ಪ್ರೀತಿ. ಮಂಜುನಾಥ ಕಾರು ತಂದು ಹಾರ್ನ್ ಹಾಕುತ್ತಿದ್ದ. ವಾಪಸು ಬಂದವನ ಬಾಯಲ್ಲಿ ಪೆಪ್ಪರ್‌ಮಿಂಟಿನ ವಾಸನೆ. ಊಟಕ್ಕೆ ಕರೆದರೆ "ಯಾಕೋ ಹಸಿವೇ ಇಲ್ಲ" ಎಂಬ ರಾಗ. ಗಂಡನನ್ನು ಇನ್ನೊಬ್ಬ ಹೆಂಗಸಿನ ಜೊತೆ ಸೇರಿಸಿ ಅನುಮಾನಿಸುವ ವಯಸ್ಸು ದಾಟಿತ್ತು. ವಿಜಿಗೆ ಅನುಮಾನವಿದ್ದದ್ದು ಬದನೆಕಾಯಿಯ ಮೇಲೆ.

*

ಕ್ರಿಮೆಟೋರಿಯಮ್ಮಿನಲ್ಲಿ ಬೆಂಕಿ ಹೊತ್ತಿಸುವ ಗುಂಡಿ ಒತ್ತುವಾಗ ರಿಯಾ ತಾಯಿಯ ಕೈಯನ್ನು ತನ್ನ ಕೈಯ ಮೇಲೆ ಇಟ್ಟುಕೊಂಡಳು. ಒಳಗೆಲ್ಲೋ ಯಂತ್ರ ಗುರ್ ಎಂದಿತು. ಅಷ್ಟಕ್ಕೇ ಎಲ್ಲ ಮುಗಿಯಿತು ಎಂದು ಯಾರಿಗೂ ಅನಿಸಲಿಲ್ಲ. ಇನ್ನೇನು ಮಾಡಬೇಕೆಂದು ತಿಳಿಯದೆ ಜನ ಸ್ವಲ್ಪ ಹೊತ್ತು ನಿಂತಿದ್ದು, ಒಬ್ಬೊಬ್ಬರಾಗಿ ಕಾರುಗಳ ಕಡೆ ಹೊರಟರು. ಮನೆಗೆ ಹೋಗಿ ಸ್ನಾನ ಮಾಡಬೇಕು, ಕೂಟದವರು ತಂದಿಟ್ಟ ಮೊಸರನ್ನ ಉಣ್ಣಬೇಕು.

ಮಂಜುನಾಥ ಕಾರಿನ ಬಾಗಿಲು ತೆಗೆಯುವಷ್ಟರಲ್ಲಿ ವಿಜಿ ಅಡ್ಡ ಬಂದು ನಿಂತಳು.

"ನಿಜ ಹೇಳಿ. ನೀವಿಬ್ಬರೂ ಡಿಫಾಲ್ಕೋಸ್‌ಗೆ ಹೋಗ್ತಿದ್ರಿ."

"ಅತ್ತಿಗೆ, ನಿಮ್ಮ ತಲೆ ಸರಿಯಿಲ್ಲ ಈಗ. ಮನೆಗೆ ಹೋಗಿ ಸ್ವಲ್ಪ ಮಲ್ಕೊಳ್ಳಿ."

"ನನ್ನ ತಲೆ ಸರಿಯಾಗೇ ಇದೆ. ಗುರುವಾರ ತಿಂದ್ರಾ?"

"ಇಲ್ಲ ಅಂದ್ನಲ್ಲ! ಒಂದು ತುತ್ತೂ ಬಾಯಿಗೆ ಹಾಕ್ಲಿಲ್ಲ ಅವನು. ನಿಮ್ಮ ಮಾತು ಮೀರೋನೇ ಅಲ್ಲ."

ಸಮಾಧಾನವಾಗಲೆಂದು ಅವನು ಹೇಳಿದ ಮಾತು ಅದು. ವಿಜಿ ಕಾರಿನ ಬಾನೆಟ್ಟಿಗೆ ಕೈಯೂರಿ ನಿಂತಳು.

"ಹಾಗಾದ್ರೆ ನಾನೇ ಅವರನ್ನ ಉಪವಾಸ ಕಳಿಸ್ಬಿಟ್ಟೆ ಮಂಜುನಾಥ್," ಎಂದಳು.

*

ಗುರುವಾರ ರಾತ್ರಿ ಗಂಡನ ಕೋಟನ್ನು ತೂಗುಹಾಕುವಾಗ ಜೇಬಿನಿಂದ ಒಂದು ಪೆಪ್ಪರ್‌ಮಿಂಟು ಉದುರಿತ್ತು. ಹೋಟೆಲಿನಿಂದ ಹೊರಡುವವರು ಬಾಗಿಲ ಹತ್ತಿರದ ಬಟ್ಟಲಿನಿಂದ ಎತ್ತಿಕೊಳ್ಳುತ್ತಾರಲ್ಲ, ಅಂಥದ್ದು. ವಿಜಿ ಅದನ್ನು ಊಟದ ಮೇಜಿನ ಮೇಲೆ ಅವನೆದುರು ಇಟ್ಟಳು.

"ಏನಿದು?"

"ಮಂಜು ಕೊಟ್ಟ."

"ಎಲ್ಲಿ ತಿಂದು ಬಂದ್ರಿ?"

"ಎಲ್ಲೂ ಇಲ್ಲ ವಿಜಿ. ಏನೂ ತಿಂದಿಲ್ಲ ನಾನು."

ಅವಳು ಸೋರೆಕಾಯಿ ಪಲ್ಯ, ಚಪಾತಿ ಮಾಡಿಟ್ಟಿದ್ದಳು. ತಟ್ಟೆ ಹಾಕಿದ್ದವಳು ಅದನ್ನು ಎತ್ತಿಬಿಟ್ಟಳು. ಪಾತ್ರೆಗಳನ್ನು ಫ್ರಿಜ್ಜಿನೊಳಗೆ ತಳ್ಳಿದಳು.

"ಬಡಿಸು ವಿಜಿ, ತಿಂತೀನಿ," ಎಂದ ಅವನು.

"ತಿಂದು ಬಂದೋರಿಗೆ ಇನ್ನೇನು ಬಡಿಸೋದು?" ಎಂದು ಅವಳು ಅಡಿಗೆಮನೆಯ ದೀಪ ಆರಿಸಿ ಮಹಡಿ ಹತ್ತಿದಳು. ಮೆಟ್ಟಿಲ ಮೇಲಿಂದ ಒಮ್ಮೆ ಬಗ್ಗಿ ನೋಡಿದಾಗ ಅವನು ಖಾಲಿ ಮೇಜಿನೆದುರು ಇನ್ನೂ ಕೂತಿದ್ದ. ಕರೆಯಬೇಕೆನಿಸಿತು, ಕರೆಯಲಿಲ್ಲ. ಬೆಳಗ್ಗೆ ಕಾಫಿಗೆ ಎಬ್ಬಿಸಲು ಹೋದಾಗ ಮೈ ತಣ್ಣಗಿತ್ತು. ಹೃದಯ ನಿಂತಿದೆ ಎಂದರು.

*

ಇಷ್ಟನ್ನು ಹೇಳಿ ಮುಗಿಸುವ ಹೊತ್ತಿಗೆ ವಿಜಿ ಬಿಕ್ಕುತ್ತಿದ್ದಳು. ಮಂಜುನಾಥ ಕರವಸ್ತ್ರಕ್ಕಾಗಿ ಜೇಬು ತಡಕಿ, ಸಿಗದೆ, ಕೊನೆಗೆ ಬಾಯಿ ಬಿಟ್ಟ.

"ತಿಂದ ಅತ್ತಿಗೆ. ಹೊಟ್ಟೆ ತುಂಬ ತಿಂದ. ವಾರ ವಾರ ನಾನೇ ಕರ್ಕೊಂಡ್ ಹೋಗ್ತಿದ್ದೆ. ಅದ್ರಿಂದಲೇ ಸತ್ತ, ನಾನೇ ಕೊಂದೆ ಅಂತ ನೀವು ಅಂದ್ಕೊಂಡ್ರೆ ಅಂತ ಹೆದರಿಕೆ ಆಯ್ತು. ಅದಕ್ಕೇ ಇಲ್ಲ ಇಲ್ಲ ಅಂದೆ."

ವಿಜಿ ಕಣ್ಣೊರೆಸಿಕೊಂಡು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಬೆಳಗ್ಗೆ ದೇವರಾಣೆ ಇಟ್ರಿ. ನಾನು ಅತ್ತಿದ್ದು ನೋಡಿ ಈಗ ಮಾತು ತಿರುಗಿಸ್ತಿದೀರ. ಯಾವುದನ್ನ ನಂಬಲಿ?"

"ನಿಜ ಅತ್ತಿಗೆ! ಬೇಕಾದ್ರೆ ಹೋಟ್ಲಲ್ಲಿ ಕೇಳಿ."

"ಕೇಳೋಣ. ಹತ್ತಿ ರಿಯಾ ಕಾರು. ಫೋನ್ ಅವಳ ಕೈಗೆ ಕೊಡಿ, ದಾರೀಲಿ ಯಾರಿಗೂ ಮೆಸೇಜು ಗಿಸೇಜು ಕಳಿಸೋದು ಬೇಡ."

"ಅಮ್ಮಾ, ಸೀರಿಯಸ್ಲೀ? ನಾವು ಫ್ಯೂನರಲ್‌ನಿಂದ ಬರ್ತಿದೀವಿ," ಎಂದಳು ರಿಯಾ. "ಯೂ ಹ್ಯಾವೆಂಟ್ ಈವನ್ ಶವರ್ಡ್."

"ಡ್ರೈವ್ ಮಾಡು."

ಮಂಜುನಾಥ ಫೋನು ಒಪ್ಪಿಸಿ, ಹಿಂದಿನ ಸೀಟಿನಲ್ಲಿ ಪೊಲೀಸರು ಹಿಡಿದುಕೊಂಡು ಹೋಗುವವನ ಹಾಗೆ ಕುಳಿತ.

ಶನಿವಾರ ಮಧ್ಯಾಹ್ನ ಕಳೆದಿತ್ತು. ಡಿಫಾಲ್ಕೋಸ್‌ನಲ್ಲಿ ಊಟದ ಗಿರಾಕಿಗಳು ಎದ್ದು ಹೋಗಿ ಮೇಜುಗಳು ಖಾಲಿಯಿದ್ದವು. ಈಗ ಮೊಮ್ಮಕ್ಕಳ ಅಜ್ಜಿಯಾಗಿರುವ ಡೋನಾ ಬ್ರೆಡ್ಡಿನ ಬುಟ್ಟಿ ಹಿಡಿದು ಬಂದವಳು ವಿಜಿಯ ಗುರುತು ಹಿಡಿದು, ಮಂಜುನಾಥನ ಮುಖವನ್ನೊಮ್ಮೆ ನೋಡಿದಳು. ಆ ನೋಟವನ್ನು ವಿಜಿ ಗಮನಿಸದೆ ಬಿಡಲಿಲ್ಲ. ಇಂಗ್ಲಿಷಿನಲ್ಲಿ ನೇರವಾಗಿ ಕೇಳಿದಳು.

"ಈ ಗುರುವಾರ ನನ್ನ ಗಂಡ ಇಲ್ಲಿಗೆ ಬಂದಿದ್ರಾ?"

"ನಿಮ್ಮ ಗಂಡನಾ?" ಡೋನಾ ಕಣ್ಣು ಮಿಟುಕಿಸಲಿಲ್ಲ. "ಅವರನ್ನ ನೋಡಿ ವರ್ಷಗಳೇ ಆಯ್ತಲ್ಲ, ಸ್ವೀಟ್‌ಹಾರ್ಟ್."

ವಿಜಿ ಎದುರಿಗಿದ್ದ ಕುರ್ಚಿಯಲ್ಲಿ ಕುಳಿತುಬಿಟ್ಟಳು.

"ಡೋನಾ, ಇನ್ನು ಮುಚ್ಚಿಡೋದು ಬೇಡ," ಎಂದ ಮಂಜುನಾಥ. "ಶುಕ್ರವಾರ ಬೆಳಗ್ಗೆ ತೀರಿಕೊಂಡ."

ಬ್ರೆಡ್ಡಿನ ಬುಟ್ಟಿಯನ್ನು ಮೇಜಿನ ಮೇಲಿಟ್ಟು ಡೋನಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಅಳು ತಡೆದುಕೊಂಡು ಆಮೇಲೆ ಹೇಳಿದಳು.

"ಹೆಂಡತಿ ಕೇಳಿದ್ರೆ ನೋಡೇ ಇಲ್ಲ ಅನ್ನು ಅಂತ ಮಾತು ತಗೊಂಡಿದ್ರು. ಬಂದಿದ್ರು. ಪ್ಲೇಟ್ ಪೂರ್ತಿ ಖಾಲಿ ಮಾಡಿದ್ರು."

"ನೀವೂ ನನ್ನ ಸಮಾಧಾನಕ್ಕೆ ಹೇಳ್ತಿದೀರ," ಎಂದಳು ವಿಜಿ. "ಎಲ್ಲರೂ ನನಗೆ ಸುಳ್ಳೇ ಹೇಳೋದು."

ಡೋನಾ ಅಡಿಗೆಮನೆಯ ಬಾಗಿಲ ಹಿಂದೆ ಹೋಗಿ, ಹ್ಯಾಂಗರಿನಲ್ಲಿ ತೂಗುತ್ತಿದ್ದ ಒಂದು ಅಂಗಿ ತಂದಳು. ಹಳೆಯ ನೀಲಿ ಪಟ್ಟೆಯ ಅಂಗಿ. ಅದನ್ನು ದಾನಕ್ಕೆಂದು ವಿಜಿಯೇ ಹಿಂದೊಮ್ಮೆ ಚೀಲಕ್ಕೆ ತುಂಬಿ ಅವನ ಕೈಲಿ ಕೊಟ್ಟು ಕಳಿಸಿದ್ದಳು.

"ಬಂದ ತಕ್ಷಣ ಬಾತ್‌ರೂಮಿಗೆ ಹೋಗಿ ಇದನ್ನ ಹಾಕ್ಕೊಂಡು ಬರೋರು. ಶರ್ಟಿನ ಮೇಲೆ ಒಂದು ಚುಕ್ಕೆ ಬಿದ್ರೂ ನನ್ನ ಹೆಂಡತಿ ಕಂಡುಹಿಡೀತಾಳೆ ಅನ್ನೋರು. ವಾರ ವಾರ ನಾನೇ ಭಾನುವಾರ ಮನೇಲಿ ಒಗೆದು ತಂದಿಡ್ತೀನಿ. ಇದು ಗುರುವಾರ ಬಿಚ್ಚಿಟ್ಟಿದ್ದು, ಇನ್ನೂ ಒಗೆದಿಲ್ಲ."

ಎದೆಯ ಮೇಲೆ ಅಂಗೈಯಗಲ ಕೆಂಪು ಕಲೆ. ಹೊಟ್ಟೆಯ ಹತ್ತಿರ ಇನ್ನೊಂದು. ವಿಜಿ ಉಗುರಿನಿಂದ ಮೆಲ್ಲಗೆ ಕೆರೆದಳು. ಒಣಗಿದ ಸಾಸು ಉಗುರಿನ ಸಂದಿಗೆ ಬಂತು. ಮೂಗಿನ ಹತ್ತಿರ ತಂದಳು. ಬೆಳ್ಳುಳ್ಳಿ, ಟೊಮೇಟೊ, ಅವನ ಬೆವರು.

"ಕಳ್ಳ," ಎಂದಳು ಮೆಲ್ಲಗೆ. ಆಮೇಲೆ ಇಡೀ ಹೋಟೆಲಿಗೆ ಕೇಳುವಂತೆ, "ಕಳ್ಳ! ಸುಳ್ಳುಬುರುಕ! ಏನೂ ತಿಂದಿಲ್ಲ ಅಂದ್ರಲ್ಲ ನನ್ನ ಹತ್ರ! ಇಷ್ಟೊಂದು ಟೊಮೇಟೊ!"

ಅವಳು ನಗುತ್ತಿದ್ದಳು. ಅಳುತ್ತಲೂ ಇದ್ದಳು. ಬದುಕಿನಲ್ಲಿ ಗಂಡ ಹೇಳಿದ ಸುಳ್ಳೊಂದು ಇಷ್ಟು ಹಿತವಾದದ್ದು ಇದೇ ಮೊದಲು.

"ನನ್ನ ಪ್ಲೇಟಿಂದಲೂ ಅರ್ಧ ಎತ್ಕೊಂಡ ಅತ್ತಿಗೆ," ಎಂದ ಮಂಜುನಾಥ, ಇನ್ನು ಯಾವ ಭಯವೂ ಇಲ್ಲದೆ.

"ಅಷ್ಟು ತಿಂದು ಬಂದು, ಬಡಿಸು ತಿಂತೀನಿ ಅಂದ್ರಲ್ಲ!" ಎಂದಳು ವಿಜಿ. "ಎಲ್ಲಿತ್ತು ಜಾಗ ಹೊಟ್ಟೇಲಿ? ನನಗೆ ಬೇಜಾರಾಗಬಾರದು ಅಂತ..."

ರಿಯಾ ಪಕ್ಕದಲ್ಲಿ ಕೂತು ತಾಯಿಯ ಬೆನ್ನು ಸವರಿದಳು.

ಡೋನಾ ಅಂಗಿಗೆ ಕೈ ಚಾಚಿದಳು. "ಕೊಡಿ, ಒಗೆದು ಮನೆಗೆ ತಲುಪಿಸ್ತೀನಿ."

ವಿಜಿ ಕೊಡಲಿಲ್ಲ. ಎದ್ದು ನಿಂತು, ಸೀರೆಯ ಮೇಲೆಯೇ ಆ ಅಂಗಿಯನ್ನು ತೊಟ್ಟುಕೊಂಡು, ಒಂದೊಂದೇ ಗುಂಡಿ ಹಾಕಿದಳು. ತೋಳು ಉದ್ದವಾಯಿತು, ಮಡಿಚಿಕೊಂಡಳು.

"ಅವರು ತಿಂದದ್ದನ್ನೇ ತನ್ನಿ," ಎಂದಳು.

"ಅಮ್ಮಾ, ಸ್ನಾನ? ಮನೇಲಿ ಎಲ್ಲಾರೂ..."

"ಕಾಯ್ಲಿ."

ಬದನೆಕಾಯಿ ಹೊಗೆಯಾಡುತ್ತ ಬಂತು. ಎರಡು ದಿನದಿಂದ ಅನ್ನ ಮುಟ್ಟದಿದ್ದ ವಿಜಿ ಫೋರ್ಕನ್ನು ಪಕ್ಕಕ್ಕಿಟ್ಟು ಕೈಯಿಂದಲೇ ಮುರಿದಳು. ಬಿಸಿಗೆ ಬೆರಳು ಚುರ್ರೆಂದರೂ ಬಿಡಲಿಲ್ಲ. ಬಾಯಿಗೆ ಒಯ್ಯುವಾಗ ಸಾಸಿನ ಒಂದು ತೊಟ್ಟು ಜಾರಿ ಅಂಗಿಯ ಮೇಲೆ, ಒಣಗಿದ ಕಲೆಯ ಪಕ್ಕ ಬಿತ್ತು. ರಿಯಾ ಒರೆಸಲೆಂದು ನ್ಯಾಪ್‌ಕಿನ್ ಹಿಡಿದು ಬಾಗಿದಳು. ವಿಜಿ ಎಡಗೈಯಿಂದ ಅವಳ ಕೈಯನ್ನು ತಡೆದು, ಬಲಗೈಯಿಂದ ಇನ್ನೊಂದು ತುತ್ತು ಮುರಿದಳು.